ಪೈಲಟ್‌ಗೆ ಹೇಳದ ಮಾತು

ಕರೆ ಬಂದಾಗ ನಮ್ಮ ಪೈಲಟ್‌ಗೆ ತಿಳಿಸುತ್ತಿದ್ದದ್ದು ಎರಡೇ ಸಂಗತಿ: ಎಲ್ಲಿಂದ, ಎಲ್ಲಿಗೆ. ಯಾರನ್ನು ಕರೆತರಬೇಕು ಎಂಬುದನ್ನು ಹೇಳುತ್ತಿರಲಿಲ್ಲ. ಗಂಡೋ ಹೆಣ್ಣೋ, ಮಗುವೋ ಮುದುಕರೋ, ಎದೆನೋವೋ ಅಪಘಾತವೋ, ಬದುಕುವ ಭರವಸೆ ಎಷ್ಟಿದೆ, ಇವು ಯಾವುವೂ ಅವರ ಕಿವಿಗೆ ಬೀಳದಂತೆ ಡಿಸ್ಪ್ಯಾಚ್ ಕೇಂದ್ರದವರು ಎಚ್ಚರ ವಹಿಸುತ್ತಿದ್ದರು. ಪೈಲಟ್ ಹವಾಮಾನ ನೋಡಬೇಕು, ದೂರ ನೋಡಬೇಕು, ಇಂಧನದ ಲೆಕ್ಕ ಹಾಕಬೇಕು, ಆಮೇಲೆ "ಹೋಗಬಹುದು" ಅಥವಾ "ಆಗುವುದಿಲ್ಲ" ಎನ್ನಬೇಕು. ಅವರು ಹೋಗಬಹುದು ಎಂದ ಮೇಲೆಯೇ ನನ್ನ ಮತ್ತು ಪ್ಯಾರಾಮೆಡಿಕ್‌ನ ಸೊಂಟದಲ್ಲಿದ್ದ ಪೇಜರ್ ಕೂಗುತ್ತಿತ್ತು.

ಅಮೆರಿಕದ ಅಯೋವಾ ರಾಜ್ಯದಲ್ಲಿ ನಾನು ಫ್ಲೈಟ್ ನರ್ಸ್ ಆಗಿದ್ದೆ ಎಂದು ಗೊತ್ತಾದವರೆಲ್ಲ ಹಾರಾಟದ ಬಗ್ಗೆಯೇ ಕೇಳುತ್ತಾರೆ. ಮೇಲಿಂದ ಊರು ಹೇಗೆ ಕಾಣುತ್ತದೆ, ಗಾಳಿಗೆ ಹೆಲಿಕಾಪ್ಟರ್ ಎಷ್ಟು ಅಲುಗಾಡುತ್ತದೆ, ಅಷ್ಟು ಸದ್ದಿನಲ್ಲಿ ರೋಗಿಯ ಎದೆಬಡಿತ ಹೇಗೆ ಕೇಳುತ್ತದೆ (ಕೇಳುವುದಿಲ್ಲ, ಮಾನಿಟರ್ ನೋಡಿಯೇ ತಿಳಿಯಬೇಕು). ಕುಂದಾಪುರದ ನನ್ನ ಅಮ್ಮ ಫೋನಿನಲ್ಲಿ ಪ್ರತಿ ವಾರ ಕೇಳುತ್ತಿದ್ದದ್ದು "ಹೆದ್ರಿಕೆ ಆತಿಲ್ಯಾ ನಿಂಗೆ?" ಎಂದು. ಹಾರುವ ಮುಂಚಿನ ಹತ್ತು ನಿಮಿಷಗಳ ಬಗ್ಗೆ ಯಾರೂ ಕೇಳಿದವರಿಲ್ಲ. ಆ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಬದಲಿಸಿದ್ದು ಆ ಹತ್ತು ನಿಮಿಷ, ಮತ್ತು ಅದರೊಳಗೆ ಪೈಲಟ್‌ಗೆ ಹೇಳದೆ ಉಳಿಸಿಕೊಳ್ಳುತ್ತಿದ್ದ ಮಾತು.

ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಬೆಂಗಳೂರಿನ ಐಸಿಯುವೊಂದರಲ್ಲಿ ಕೆಲಸ ಮಾಡಿ, ಅಮೆರಿಕದ ಪರೀಕ್ಷೆ ಪಾಸು ಮಾಡಿಕೊಂಡು ಬಂದ ಸಾವಿರಾರು ನರ್ಸುಗಳಲ್ಲಿ ನಾನೂ ಒಬ್ಬಳು. ಅಲ್ಲಿಯೂ ಕೆಲವು ವರ್ಷ ಐಸಿಯುವಿನಲ್ಲಿ ದುಡಿದ ಮೇಲೆಯೇ ಹೆಲಿಕಾಪ್ಟರಿನ ಕೆಲಸಕ್ಕೆ ಅರ್ಜಿ ಹಾಕಲು ಅರ್ಹತೆ ಸಿಕ್ಕಿತು. ಅಯೋವಾದಲ್ಲಿ 99 ಕೌಂಟಿಗಳಿವೆ. ಹೆಚ್ಚಿನವು ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಬಯಲು. ಒಂದೊಂದು ಪುಟ್ಟ ಪೇಟೆಗೂ ಆಸ್ಪತ್ರೆಯೇನೋ ಇದೆ, ಆದರೆ ಅವುಗಳಲ್ಲಿ ಬಹಳಷ್ಟು 25 ಹಾಸಿಗೆಯ ಮಿತಿಯವು. ಹಳ್ಳಿಗಾಡಿನ ಆಸ್ಪತ್ರೆಗಳು ಮುಚ್ಚಿಹೋಗದಿರಲಿ ಎಂದು 1997ರಲ್ಲಿ ತಂದ ಕಾನೂನಿನ ಆಸರೆಯಲ್ಲಿ ಉಳಿದುಕೊಂಡವು. ಅಲ್ಲಿ ಒಬ್ಬ ವೈದ್ಯರು, ರಾತ್ರಿ ಒಂದಿಬ್ಬರು ನರ್ಸುಗಳು, ಒಂದು ಎಕ್ಸ್‌ರೇ, ಒಂದು ಸಿಟಿ ಸ್ಕ್ಯಾನ್. ಮೆದುಳಿನೊಳಗೆ ರಕ್ತ ಸೋರುತ್ತಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡರೆ ಅದನ್ನು ನಿಲ್ಲಿಸುವ ಕೈ ಇರುವುದು ನೂರಾರು ಕಿಲೋಮೀಟರ್ ದೂರದ ಅಯೋವಾ ಸಿಟಿಯಲ್ಲೋ ಡೆ ಮೊಯಿನ್‌ನಲ್ಲೋ. ನಮಗೆ ಬರುತ್ತಿದ್ದ ಕರೆಗಳಲ್ಲಿ ಬಹುಪಾಲು ಹೀಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ. ಉಳಿದವು ಹೆದ್ದಾರಿಯಿಂದ, ಹೊಲದಿಂದ. ಕಣಜದೊಳಗೆ ಇಳಿದವರನ್ನು ಹರಿಯುವ ಜೋಳದ ಕಾಳು ಕೆಲವೇ ಸೆಕೆಂಡುಗಳಲ್ಲಿ ಸೊಂಟದವರೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಕೈ ಹಿಡಿದು ಮೇಲೆತ್ತುವುದು ಮನುಷ್ಯನ ಬಲಕ್ಕೆ ಮೀರಿದ್ದು. ಧಾನ್ಯವೂ ಮನುಷ್ಯನನ್ನು ಮುಳುಗಿಸಬಲ್ಲದು ಎಂದು ನನಗೆ ಗೊತ್ತಾದದ್ದು ಅಲ್ಲಿ.

ನಮ್ಮದು ಮೂವರ ತಂಡ: ಪೈಲಟ್, ಪ್ಯಾರಾಮೆಡಿಕ್, ನರ್ಸ್. ಜರ್ಮನಿಯಲ್ಲಿ ಮತ್ತು ಲಂಡನ್ನಿನಲ್ಲಿ ಇಂಥ ಹೆಲಿಕಾಪ್ಟರಿನಲ್ಲಿ ವೈದ್ಯರೇ ಹೋಗುತ್ತಾರೆ. ಅಮೆರಿಕದಲ್ಲಿ ಹೆಚ್ಚಾಗಿ ನರ್ಸ್ ಮತ್ತು ಪ್ಯಾರಾಮೆಡಿಕ್. ವೈದ್ಯರು ಬರೆದುಕೊಟ್ಟ ನಿಯಮಾವಳಿಯೊಳಗೆ ನಾವೇ ಉಸಿರುನಳಿಕೆ ಹಾಕುತ್ತಿದ್ದೆವು, ರಕ್ತ ಏರಿಸುತ್ತಿದ್ದೆವು, ಎದೆಗೂಡಿನೊಳಗೆ ಸೇರಿಕೊಂಡ ಗಾಳಿಯನ್ನು ಸೂಜಿ ಚುಚ್ಚಿ ಹೊರಬಿಡುತ್ತಿದ್ದೆವು. ಯುದ್ಧಭೂಮಿಯಿಂದ ಗಾಯಾಳುಗಳನ್ನು ಎತ್ತಿ ತರುವುದನ್ನು ಕೊರಿಯಾ ಮತ್ತು ವಿಯೆಟ್ನಾಂ ಕಲಿಸಿದ್ದವು. 1970ರಲ್ಲಿ ಮೇರಿಲ್ಯಾಂಡಿನ ಪೊಲೀಸರು ಅದನ್ನು ನಾಗರಿಕರಿಗೂ ತಂದರು. ಅದೇ ವರ್ಷ ನವೆಂಬರಿನಲ್ಲಿ ಮ್ಯೂನಿಕ್‌ನಲ್ಲಿ 'ಕ್ರಿಸ್ಟೋಫ್ 1' ಹೆಸರಿನ ಹೆಲಿಕಾಪ್ಟರ್ ಕೆಲಸಕ್ಕೆ ನಿಂತಿತು. 1972ರಲ್ಲಿ ಡೆನ್ವರಿನ ಆಸ್ಪತ್ರೆಯೊಂದು ತನ್ನದೇ ಹೆಲಿಕಾಪ್ಟರ್ ಇಟ್ಟುಕೊಂಡಿತು. ನಾನು ಸೇರುವ ಹೊತ್ತಿಗೆ ಅಮೆರಿಕದ ಆಕಾಶದಲ್ಲಿ ಇವು ನೂರಾರು.

ನಮ್ಮ ಬೇಸು ಇದ್ದದ್ದು ಸಣ್ಣ ವಿಮಾನ ನಿಲ್ದಾಣವೊಂದರ ಅಂಚಿನಲ್ಲಿ. ಒಂದು ಹ್ಯಾಂಗರ್, ಅದಕ್ಕೆ ತಾಗಿಕೊಂಡು ಅಡುಗೆಮನೆ, ಮೂರು ಮಲಗುವ ಕೋಣೆ, ಸುತ್ತ ಜೋಳದ ಹೊಲ. ಶಿಫ್ಟ್ ಬದಲಾಗುವುದು ಬೆಳಿಗ್ಗೆ 7ಕ್ಕೆ. ರಾತ್ರಿಯವರು ಹೊರಡುವ ಮೊದಲು ಫೆಂಟನಿಲ್, ಕೆಟಮಿನ್, ಮಿಡಜೋಲಾಮ್ ಇಟ್ಟ ಪೆಟ್ಟಿಗೆಯನ್ನು ಇಬ್ಬರು ಕೂಡಿ ತೆರೆದು, ಒಂದೊಂದೇ ವಯಲ್ ಎಣಿಸಿ, ಹೊಸ ಸೀಲು ಹಾಕಿ, ಸೀಲಿನ ನಂಬರು ಬರೆದು, ಇಬ್ಬರೂ ಸಹಿ ಮಾಡಬೇಕು. ಉಸಿರುನಳಿಕೆ ಹಾಕುವಾಗ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಗಳು ಫ್ರಿಜ್‌ನಲ್ಲಿರಬೇಕಾದವು. ಹೊರಗೆ ತೆಗೆದರೆ ಸಕ್ಸಿನೈಲ್‌ಕೋಲಿನ್‌ಗೆ 14 ದಿನ ಆಯುಷ್ಯ, ರೋಕ್ಯುರೋನಿಯಂಗೆ 60 ದಿನ. ಆ ತಾರೀಖನ್ನು ವಯಲ್‌ನ ಮೇಲೆಯೇ ಬರೆದಿರುತ್ತಿದ್ದರು, ಪ್ರತಿ ಬೆಳಿಗ್ಗೆ ಓದಲೇಬೇಕು. ರಕ್ತದ ತಂಪುಪೆಟ್ಟಿಗೆಯ ಉಷ್ಣಾಂಶ, ಆಮ್ಲಜನಕದ ಸಿಲಿಂಡರಿನ ಒತ್ತಡ, ವೆಂಟಿಲೇಟರಿನ ಕೊಳವೆ ಸೋರುತ್ತಿದೆಯೇ, ಲಾರಿಂಗೋಸ್ಕೋಪಿನ ದೀಪ ಉರಿಯುತ್ತದೆಯೇ, ಸಕ್ಷನ್ ಎಳೆಯುತ್ತದೆಯೇ. ಸಕ್ಷನ್ ಯಂತ್ರ ಗುಂಯ್‌ಗುಟ್ಟಿದರೆ ಸಾಲದು, ಕೊಳವೆಯ ತುದಿಗೆ ಬೆರಳಿಟ್ಟು ಅದು ಹಿಡಿದುಕೊಳ್ಳುವುದು ಚರ್ಮಕ್ಕೆ ಗೊತ್ತಾಗಬೇಕು. ಕೆಲಸ ಕಲಿಸಿದ ಹಿರಿಯ ನರ್ಸ್ ಇದನ್ನು ನನ್ನಿಂದ ಪಟ್ಟು ಹಿಡಿದು ಮಾಡಿಸಿದ್ದರು. ನಿನ್ನೆ ಸಂಜೆ ಚೆನ್ನಾಗಿತ್ತು ಎಂಬ ಮಾತಿಗೆ ಅವರ ಬಳಿ ಬೆಲೆಯಿರಲಿಲ್ಲ.

ನಾವು ಒಳಗೆ ಇದನ್ನು ಮಾಡುತ್ತಿದ್ದರೆ ಪೈಲಟ್ ಹೊರಗೆ ಟಾರ್ಚು ಹಿಡಿದು ಹೆಲಿಕಾಪ್ಟರ್ ಸುತ್ತುತ್ತಿದ್ದರು. ನಮ್ಮದು ಇಸಿ135, ಎರಡು ಎಂಜಿನ್ನಿನದು. ಬಾಲದ ಫ್ಯಾನು ಬಳೆಯೊಳಗೆ ಮುಚ್ಚಿಕೊಂಡಿರುತ್ತದೆ. ಸೈನ್ಯದಲ್ಲಿ ಹಾರಿಸಿ ಬಂದವರು ಆ ಪೈಲಟ್, ಹೆಚ್ಚು ಮಾತಿಲ್ಲ. ಎಣ್ಣೆಯ ಮಟ್ಟ, ರೋಟರಿನ ಅಲಗುಗಳ ಅಂಚು, ಮುಚ್ಚಳಗಳ ಚಿಲಕ, ಹಕ್ಕಿ ಗೂಡು ಕಟ್ಟಲು ನೋಡಿದ ಗುರುತು, ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂರಬೇಕು. ಅಲ್ಲಿ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಯಂತ್ರದ್ದಲ್ಲ: ನಿದ್ದೆ ಆಯಿತೇ, ಮನೆಯಲ್ಲಿ ಎಲ್ಲ ಸರಿಯಿದೆಯೇ. ಎರಡನೆಯದು ತೂಕ. ಹೆಲ್ಮೆಟ್, ಬೂಟು, ಜೇಬಿನಲ್ಲಿರುವ ಕತ್ತರಿಯ ಸಮೇತ ನನ್ನ ತೂಕ ಅವರ ಪುಸ್ತಕದಲ್ಲಿತ್ತು. ಇಂಧನ ಹೆಚ್ಚು ತುಂಬಿಸಿದರೆ ರೋಗಿಯ ತೂಕಕ್ಕೆ ಜಾಗ ಕಡಿಮೆ. ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾದರೆ ಎರಡಕ್ಕೂ ಕಡಿಮೆ.

ಮೂರನೆಯದು ಹವಾಮಾನ. ಅಲ್ಲಿ ನಾನು ಕಲಿತ ಒಂದು ಲೆಕ್ಕ ಇಂದಿಗೂ ಬಿಟ್ಟುಹೋಗಿಲ್ಲ. ಗಾಳಿಯ ಉಷ್ಣಾಂಶ ಒಂದು ಅಂಕಿ, ಇಬ್ಬನಿಬಿಂದು ಇನ್ನೊಂದು ಅಂಕಿ. ಎಷ್ಟು ತಣ್ಣಗಾದರೆ ಗಾಳಿಯ ತೇವ ನೀರಾಗುತ್ತದೆ ಎಂದು ಹೇಳುವುದು ಎರಡನೆಯದು. ಇವೆರಡರ ನಡುವಿನ ಅಂತರ ಎರಡು ಮೂರು ಡಿಗ್ರಿಗೆ ಇಳಿದರೆ ಮಂಜು ಹತ್ತಿರದಲ್ಲೇ ಇದೆ. ಕಾನೂನಿನ ಕನಿಷ್ಠ ಮಿತಿಯೂ ಇತ್ತು. ನಮ್ಮಂಥ ಬಯಲಿನಲ್ಲಿ, ಪರಿಚಿತ ವಲಯದೊಳಗೆ, ಹಗಲಾದರೆ ಮೋಡ 800 ಅಡಿಗಿಂತ ಕೆಳಗಿರಬಾರದು, 2 ಮೈಲಿ ಮುಂದಕ್ಕೆ ಕಾಣಬೇಕು. ರಾತ್ರಿ, ಕತ್ತಲಲ್ಲಿ ಕಾಣಿಸುವ ಕನ್ನಡಕ ಹಾಕಿಕೊಂಡರೂ, 3 ಮೈಲಿ. ಆ ಕನ್ನಡಕದಲ್ಲಿ ನಕ್ಷತ್ರದ ಬೆಳಕಿಗೇ ಹೊಲದ ಬೇಲಿ ಕಾಣುತ್ತದೆ, ಆದರೆ ನೋಟದ ಅಗಲ 40 ಡಿಗ್ರಿ ಮಾತ್ರ. ಪಕ್ಕದಲ್ಲಿರುವ ವಿದ್ಯುತ್ ತಂತಿ ಕಾಣಬೇಕಾದರೆ ಕತ್ತನ್ನು ಸದಾ ಹೊರಳಿಸುತ್ತಿರಬೇಕು. ಹಾಗಾಗಿ ರಾತ್ರಿ ಇಳಿಯುವಾಗ ಹಿಂದೆ ಕುಳಿತ ನಮ್ಮಿಬ್ಬರ ಕಣ್ಣೂ ಪೈಲಟ್‌ನ ಕಣ್ಣೇ.

ನಮ್ಮೂರಿನ ಬಯಲಾಟದ ಚೌಕಿಯಲ್ಲಿ ಕುಳಿತು ನೋಡಿದವರಿಗೆ ಬೆಳಗಿನ ಈ ಸಿದ್ಧತೆ ಬೇಗ ಅರ್ಥವಾದೀತು. ಪ್ರವೇಶ ಇರುವುದು ನಡುರಾತ್ರಿಗಾದರೂ ಬಣ್ಣದ ವೇಷದವರು ಸಂಜೆಯಿಂದಲೇ ಕನ್ನಡಿ ಹಿಡಿದು ಕುಳಿತಿರುತ್ತಾರೆ. ಚೆಂಡೆಯ ಪೆಟ್ಟು ಬಿದ್ದ ಮೇಲೆ ಕಟ್ಟಿಕೊಳ್ಳಲು ಏನೂ ಉಳಿದಿರಬಾರದು. ಕರೆ ಬಂದ ಮೇಲೆ ಹತ್ತು ನಿಮಿಷದೊಳಗೆ ನೆಲ ಬಿಡಲು ನಮಗೆ ಸಾಧ್ಯವಾಗುತ್ತಿದ್ದದ್ದು ಬೆಳಗಿನ ಆ ನಿಧಾನದಿಂದ. ಓಡುವುದು ನಮ್ಮಲ್ಲಿ ನಿಷಿದ್ಧವಾಗಿತ್ತು. ಹ್ಯಾಂಗರಿನಲ್ಲಿ ಓಡಿದರೆ ಗಳಿಸುವುದು ಕೆಲವು ಸೆಕೆಂಡು, ಮರೆಯುವುದು ಎಷ್ಟೋ.

ಇನ್ನು ಪೈಲಟ್‌ಗೆ ರೋಗಿಯ ವಿಷಯ ಏಕೆ ಹೇಳುತ್ತಿರಲಿಲ್ಲ ಎಂಬುದು. ಇದು ಬೆಲೆ ತೆತ್ತು ಕಲಿತ ಪಾಠ. 2002ರ ಜನವರಿಯಿಂದ 2005ರ ಜನವರಿಯವರೆಗೆ ಅಮೆರಿಕದಲ್ಲಿ ತುರ್ತು ವೈದ್ಯಕೀಯ ಸೇವೆಯ ವಿಮಾನ ಮತ್ತು ಹೆಲಿಕಾಪ್ಟರ್‌ಗಳ 55 ಅಪಘಾತಗಳಾಗಿ 54 ಮಂದಿ ಸತ್ತರು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇವನ್ನೆಲ್ಲ ಒಟ್ಟಿಗಿಟ್ಟು ಪರಿಶೀಲಿಸಿ 2006ರಲ್ಲಿ ವರದಿ ಕೊಟ್ಟಿತು. ಹೊರಡುವ ಮೊದಲು ಅಪಾಯವನ್ನು ಕ್ರಮವಾಗಿ ಅಳೆಯುವ ಪದ್ಧತಿಯೇ ಇಲ್ಲ ಎಂಬುದು ಅದರಲ್ಲಿ ಎದ್ದು ಕಂಡ ಮಾತು. 2008 ಇನ್ನೂ ಕೆಟ್ಟ ವರ್ಷವಾಯಿತು. ಕತ್ತಲು, ಮಂಜು, ಅನಿರೀಕ್ಷಿತವಾಗಿ ಮೋಡದೊಳಗೆ ಸಿಕ್ಕಿಕೊಳ್ಳುವುದು, ಬೆಟ್ಟಕ್ಕೋ ನೆಲಕ್ಕೋ ಬಡಿಯುವುದು, ಕತೆ ಮತ್ತೆ ಮತ್ತೆ ಅದೇ. ಕೊನೆಗೆ 2014ರಲ್ಲಿ ವಿಮಾನಯಾನ ಆಡಳಿತ ನಿಯಮ ತಂದಿತು: ಹೊರಡುವ ಮುನ್ನ ಅಪಾಯದ ಲೆಕ್ಕ ಬರೆಯಲೇಬೇಕು, ನೆಲ ಹತ್ತಿರ ಬಂದರೆ ಎಚ್ಚರಿಸುವ ಉಪಕರಣ ಇರಲೇಬೇಕು, ಹತ್ತು ಅಥವಾ ಹೆಚ್ಚು ಹೆಲಿಕಾಪ್ಟರ್ ಇರುವ ಸಂಸ್ಥೆಗಳು ಪೈಲಟ್‌ನ ನಿರ್ಧಾರವನ್ನು ಇನ್ನೊಂದು ಕಣ್ಣಿನಿಂದ ನೋಡುವ ಕೇಂದ್ರ ಇಟ್ಟುಕೊಳ್ಳಬೇಕು.

ಆದರೆ ಅಪಾಯದ ಲೆಕ್ಕ ಬರೆಯುವ ಕೈ ಮನುಷ್ಯನದು. ಎರಡು ವರ್ಷದ ಮಗು, ಈಜುಕೊಳದಲ್ಲಿ ಮುಳುಗಿದೆ ಎಂದು ಕೇಳಿದ ತಂದೆಯೊಬ್ಬ ಅದೇ ಮೋಡವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಮೋಡದ ಎತ್ತರ ಬದಲಾಗಿರುವುದಿಲ್ಲ, ಅವನೊಳಗೆ ಏನೋ ಬದಲಾಗಿರುತ್ತದೆ. ಪೈಲಟ್‌ನ ಒಳ್ಳೆಯತನವೇ ಅವನನ್ನು ಕೊಲ್ಲುವ ಸನ್ನಿವೇಶ ಅದು, ಅವನ ಜೊತೆ ಉಳಿದಿಬ್ಬರನ್ನೂ. ಇದಕ್ಕೇ ಹೆಚ್ಚಿನ ಬೇಸುಗಳಲ್ಲಿ ಆ ಸುದ್ದಿಯನ್ನೇ ದೂರವಿಡುವ ಪದ್ಧತಿ ಬಂತು. ಇನ್ನೊಂದು ಕೆಟ್ಟ ಚಾಳಿಗೂ ಕಡಿವಾಣ ಹಾಕಬೇಕಿತ್ತು. ಒಂದು ಸಂಸ್ಥೆಯವರು ಹವಾಮಾನ ಸರಿಯಿಲ್ಲ ಎಂದು ಒಲ್ಲೆನೆಂದರೆ, ಆ ವಿಷಯ ಮುಚ್ಚಿಟ್ಟು ಎರಡನೆಯವರಿಗೆ, ಅವರೂ ಒಲ್ಲೆನೆಂದರೆ ಮೂರನೆಯವರಿಗೆ ಫೋನು ಮಾಡುವುದು. ಯಾರಾದರೊಬ್ಬ ಧೈರ್ಯಸ್ಥ ಸಿಗುವವರೆಗೆ ಹುಡುಕಾಟ. ಈಗ ಮೊದಲಿನವರು ಏಕೆ ಒಪ್ಪಲಿಲ್ಲ ಎಂಬುದನ್ನು ಮುಂದಿನವರಿಗೆ ತಿಳಿಸಲೇಬೇಕು ಎಂಬ ಒತ್ತಾಯವಿದೆ.

ಪೈಲಟ್‌ಗೆ ರೋಗಿಯ ವಿಷಯ ಹೇಳಬಾರದು ಎಂದು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕರಾವಳಿಯ 'ಜೀರೋ ಟ್ರಾಫಿಕ್' ಆ್ಯಂಬುಲೆನ್ಸುಗಳು. ಮಂಗಳೂರಿನಿಂದ ಬೆಂಗಳೂರಿಗೆ ಹಸುಗೂಸನ್ನು ಕರೆದೊಯ್ಯುವಾಗ ದಾರಿಯುದ್ದಕ್ಕೂ ಜನ ನಿಂತು ವಾಹನಗಳನ್ನು ಬದಿಗೆ ಸರಿಸುತ್ತಾರೆ, ಮಗುವಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಆ್ಯಂಬುಲೆನ್ಸಿಗಿಂತ ಮುಂದೆ ಓಡುತ್ತದೆ, ಎಷ್ಟು ಗಂಟೆಯಲ್ಲಿ ತಲುಪಿದರು ಎಂದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆ ಪ್ರೀತಿ ನನಗೆ ಗೊತ್ತು, ನಾನೂ ಅದರೊಳಗೇ ಬೆಳೆದವಳು. ಆದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದ ಚಾಲಕನ ಹೆಗಲ ಮೇಲೆ ಇಡೀ ಜಿಲ್ಲೆಯ ಕಣ್ಣೀರು ಕುಳಿತಿರುತ್ತದೆ. ಅವನು ವೇಗ ತಗ್ಗಿಸಬೇಕೆಂದುಕೊಂಡರೆ ತಗ್ಗಿಸಲು ಅವನಿಗೆ ಬಿಡುವವರು ಯಾರು? ಅಯೋವಾದಲ್ಲಿ ಹೆಗಲ ಮೇಲಿಂದ ಆ ಭಾರವನ್ನು ಇಳಿಸುವುದನ್ನೇ ಒಂದು ಕೆಲಸವಾಗಿ ಮಾಡಿದ್ದರು. ರೋಗಿಯ ಮೇಲೆ ಕಾಳಜಿ ಇಲ್ಲದವರು ಮಾಡಿದ ಏರ್ಪಾಡು ಇದು ಎಂದು ಮೊದಮೊದಲು ಅನ್ನಿಸಿದ್ದುಂಟು. ಕೆಲವು ತಿಂಗಳಲ್ಲೇ ತಿರುವುಮುರುವಾಗಿ ಕಂಡಿತು.

ಪೇಜರ್ ಕೂಗಿದ ಮೇಲಿನ ಕ್ರಮ ಹೀಗಿತ್ತು. ಪೈಲಟ್ ಆಗಲೇ ಹೊರಗೆ ಹೋಗಿರುತ್ತಿದ್ದರು. ಪ್ಯಾರಾಮೆಡಿಕ್ ರೇಡಿಯೋದಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ, ಕೆಳಗೆ ಸಿಗುವವರ ರೇಡಿಯೋ ಚಾನೆಲ್ ಬರೆದುಕೊಳ್ಳುತ್ತಿದ್ದ. ಅವನು ರೈತನ ಮಗ, ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕನಾಗಿ ಕೆಲಸ ಶುರು ಮಾಡಿದವನು, ಯಾವ ಹೊಲದಲ್ಲಿ ತಂತಿ ಎಲ್ಲಿ ಹಾದುಹೋಗಿದೆ ಎಂದು ಬಲ್ಲವನು. ನಾನು ಫ್ರಿಜ್‌ನಿಂದ ರಕ್ತ ತೆಗೆದು ತಂಪುಪೆಟ್ಟಿಗೆಗೆ ಹಾಕುತ್ತಿದ್ದೆ, ಹೆಲ್ಮೆಟ್ ತೊಡುತ್ತಿದ್ದೆ. ಮೈಮೇಲಿನ ನೋಮೆಕ್ಸ್ ಉಡುಪು ಬೆಂಕಿಗೆ ಬೇಗ ಹತ್ತಿಕೊಳ್ಳದ ಬಟ್ಟೆಯದು. ಒಳಗೆ ಹತ್ತಿಯದನ್ನೇ ಹಾಕಬೇಕು, ನೈಲಾನ್ ಆದರೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ದಪ್ಪ ಜಾಕೆಟ್ಟು ಕಡ್ಡಾಯ. ಹೆಲಿಕಾಪ್ಟರಿನೊಳಗೆ ಹೀಟರ್ ಇರುತ್ತದೆ ನಿಜ, ಆದರೆ ಹೊಲದ ನಡುವೆ ಇಳಿಯಬೇಕಾಗಿ ಬಂದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ನಮ್ಮನ್ನು ಹುಡುಕಿ ಬರುವವರೆಗೆ ಬದುಕಿರಬೇಕಲ್ಲ.

ಹತ್ತುವ ಮೊದಲು ಮೂವರೂ ಒಂದೊಂದು ಸುತ್ತು ಹಾಕಬೇಕು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡಬೇಕು. ಬ್ಯಾಟರಿಗೆ ಚುಚ್ಚಿದ ಕರೆಂಟಿನ ವೈರು ತೆಗೆದಿದೆಯೇ, ಎಂಜಿನ್ನಿನ ಹೊದಿಕೆ ತೆಗೆದಿದೆಯೇ, ಬಾಗಿಲಿನಿಂದ ಬೆಲ್ಟಿನ ತುದಿ ಹೊರಗೆ ಜೋತುಬಿದ್ದಿದೆಯೇ, ನೆಲದ ಮೇಲೆ ಹಾರಿ ರೋಟರಿಗೆ ಸಿಕ್ಕಬಹುದಾದ ಪ್ಲಾಸ್ಟಿಕ್ಕು ಇದೆಯೇ. ಆಮೇಲೆ ನಮ್ಮಲ್ಲೊಬ್ಬರು ಹೆಲಿಕಾಪ್ಟರಿನ ಮುಂದೆ, ಪೈಲಟ್‌ಗೆ ಕಾಣುವಲ್ಲಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ ನಿಲ್ಲಬೇಕು. ಮೊದಲ ಎಂಜಿನ್ನಿನ ಸಿಳ್ಳು ಏರುತ್ತದೆ, ಅಲಗುಗಳು ಒಲ್ಲದ ಮನಸ್ಸಿನಿಂದ ತಿರುಗತೊಡಗುತ್ತವೆ, ಎರಡನೆಯದು ಸೇರಿಕೊಳ್ಳುತ್ತದೆ. ಹೊಗೆಯಿಲ್ಲ, ಕಿಡಿಯಿಲ್ಲ ಎಂದು ಕಂಡರೆ ಹೆಬ್ಬೆರಳು ಎತ್ತಿ ತೋರಿಸುವುದು. ಅವರೂ ಹೆಬ್ಬೆರಳು ಎತ್ತಿದ ಮೇಲೆಯೇ ತಿರುಗುವ ಅಲಗಿನ ಕೆಳಗೆ ಕಾಲಿಡುವುದು. ಬಾಗಿಲು ಹಾಕಿ ಬೆಲ್ಟು ಬಿಗಿದ ಮೇಲೆ ಅವರು ಪಟ್ಟಿ ಓದುತ್ತಿದ್ದರು, ನಾವು ಉತ್ತರಿಸುತ್ತಿದ್ದೆವು. ಎಡಗಡೆ ಖಾಲಿ. ಬಲಗಡೆ ಖಾಲಿ. ಹಿಂದೆ ಎಲ್ಲ ಭದ್ರ. ಇಷ್ಟು ಬಿಟ್ಟು ಬೇರೆ ಮಾತು ಆಗ ಯಾರೂ ಆಡುವಂತಿರಲಿಲ್ಲ. ಒಳಗೆ ಮೂರು ಜೀವ, ಇಷ್ಟು ಹೊತ್ತಿಗಾಗುವಷ್ಟು ಇಂಧನ ಎಂದು ಕೇಂದ್ರಕ್ಕೆ ಹೇಳಿ ಅವರು ಮೇಲಕ್ಕೆತ್ತುತ್ತಿದ್ದರು. ಮೇಲೆ ಹೋಗಿ ಹಾದಿ ಹಿಡಿದ ಮೇಲೆ ನಾನೊಂದು ಗುಂಡಿ ಒತ್ತುತ್ತಿದ್ದೆ, ಅಲ್ಲಿಂದ ನಮ್ಮಿಬ್ಬರ ಮಾತು ಪೈಲಟ್‌ನ ಹೆಲ್ಮೆಟ್ಟಿಗೆ ಕೇಳಿಸುತ್ತಿರಲಿಲ್ಲ. ಯಾವ ಔಷಧ, ಎಷ್ಟು, ಮೊದಲು ಯಾರು ಏನು ಮಾಡುವುದು ಎಂದು ಆಗಲೇ ಹಂಚಿಕೊಳ್ಳುತ್ತಿದ್ದೆವು.

ಈ ಏರ್ಪಾಡಿನಲ್ಲಿ ಇನ್ನೊಂದು ನಿಯಮವಿತ್ತು: ಹೋಗಬೇಕಾದರೆ ಮೂವರೂ ಒಪ್ಪಬೇಕು, ನಿಲ್ಲಿಸಲು ಒಬ್ಬರ ಮಾತು ಸಾಕು. ಕಾರಣ ಕೊಡಬೇಕಾಗಿಲ್ಲ. ಬರೆದದ್ದನ್ನು ಓದುವಾಗ ಸರಳ. ನಾನು ಬಂದದ್ದು ವೈದ್ಯರು ರೌಂಡಿಗೆ ಬಂದರೆ ಸ್ಟಾಫ್ ನರ್ಸುಗಳೆಲ್ಲ ಫೈಲು ಹಿಡಿದು ಸಾಲಾಗಿ ನಿಲ್ಲುವ ವಾರ್ಡುಗಳಿಂದ. "ಸರ್, ಈ ಡೋಸ್ ಇನ್ನೊಮ್ಮೆ ನೋಡ್ತೀರಾ?" ಎಂದು ಕೇಳಬೇಕಾದರೂ ಒಳಗೆ ಹತ್ತು ಸಲ ಹೇಳಿಕೊಂಡು ನೋಡಬೇಕಿತ್ತು. ಅಂಥವಳು ಸಾವಿರಾರು ಗಂಟೆ ಹಾರಿಸಿದ ಪೈಲಟ್‌ಗೆ ಆಕಾಶದ ವಿಷಯದಲ್ಲಿ ಬೇಡ ಎನ್ನುವುದೇ? ಇದನ್ನು ಬಲ್ಲವರೇ ಆ ತಂಡ ಕಟ್ಟಿದ್ದರು. ತರಬೇತಿಯ ವಾರಗಳಲ್ಲಿ ಹಿರಿಯ ನರ್ಸ್ ಬೇಕೆಂದೇ ಒಂದು ಚಿಲಕ ತೆರೆದಿಟ್ಟೋ, ವೈರು ಚುಚ್ಚಿಯೇ ಬಿಟ್ಟೋ ನನ್ನ ಬಾಯಿಂದ "ನಿಲ್ಲಿಸಿ" ಎಂಬ ಮಾತು ಬರುವವರೆಗೆ ಕಾಯುತ್ತಿದ್ದರು. ಮೆಲ್ಲಗೆ ಹೇಳಿದರೆ ಮತ್ತೊಮ್ಮೆ ಹೇಳಿಸುತ್ತಿದ್ದರು, ಎಂಜಿನ್ನಿನ ಸದ್ದನ್ನು ಮೀರುವಂತೆ.

ಒಂದು ನವೆಂಬರ್ ರಾತ್ರಿ ಅದನ್ನು ನಿಜವಾಗಿ ಹೇಳಬೇಕಾಯಿತು. ಉಷ್ಣಾಂಶಕ್ಕೂ ಇಬ್ಬನಿಬಿಂದುವಿಗೂ ಅಂತರ ಕಡಿಮೆಯಿತ್ತು, ಆದರೆ ಹತ್ತಿರದ ಹವಾಮಾನ ಕೇಂದ್ರಗಳ ಅಂಕಿಗಳೆಲ್ಲ ಮಿತಿಯೊಳಗಿದ್ದವು. ಪೈಲಟ್ ಒಪ್ಪಿದ್ದರು. ಪೇಜರಿನಲ್ಲಿ ನಮಗೆ ಬಂದ ಸಾಲು ಹೇಳುತ್ತಿತ್ತು: ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವ, ಪುಟ್ಟ ಆಸ್ಪತ್ರೆ, ಅಲ್ಲಿದ್ದ ರಕ್ತ ಮುಗಿಯುತ್ತ ಬಂದಿದೆ. ನನ್ನ ಕೈಯಲ್ಲಿ ತಂಪುಪೆಟ್ಟಿಗೆ. ನನ್ನ ಸುತ್ತು ಹಾಕುವಾಗ ಬಾಲದ ಹತ್ತಿರ ಕೈಯಿಟ್ಟೆ. ಲೋಹದ ಮೇಲೆ ತೇವ ತೆಳ್ಳಗೆ ಹೆಪ್ಪುಗಟ್ಟಿ ಒರಟಾಗಿತ್ತು. ತಲೆಯೆತ್ತಿದರೆ ಕಂಬದ ದೀಪದ ಸುತ್ತ ಬಳೆ ಕಟ್ಟಿದೆ. ಅರ್ಧ ಗಂಟೆ ಮುಂಚೆ ಆ ಬಳೆ ಇರಲಿಲ್ಲ.

ಪೈಲಟ್‌ಗೆ ನಾವು ಇಳಿಸಿಕೊಡುವ ಭಾರ ನಮ್ಮ ಮೇಲೆ ಹಾಗೇ ಇರುತ್ತದೆ, ಇದನ್ನು ಆ ನಿಯಮ ಬರೆದವರು ಬಲ್ಲರು ಎಂದು ನಾನು ನಂಬಿದ್ದೇನೆ. ಪೈಲಟ್‌ಗೆ ರೋಗಿಯ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ತಾಯಿಯ ವಯಸ್ಸೂ ಗೊತ್ತಿತ್ತು. ನರ್ಸ್ ಆದವಳು ರೋಗಿಯ ಕತೆ ಪೂರ್ತಿ ತಿಳಿದುಕೊಂಡು, ಅದನ್ನು ಕೆಲವು ನಿಮಿಷ ಪಕ್ಕಕ್ಕಿಟ್ಟು, ಲೋಹದ ಮೇಲಿನ ಒರಟನ್ನೂ ದೀಪದ ಬಳೆಯನ್ನೂ ಮಾತ್ರ ನೋಡಬೇಕು. ಮುಂದೆ ಬಂದು ಪೈಲಟ್‌ಗೆ ಕಾಣುವಂತೆ ಎರಡೂ ಕೈ ಅಡ್ಡ ಹಿಡಿದೆ. "ನನಗೆ ಇದು ಸರಿ ಕಾಣುತ್ತಿಲ್ಲ, ನಾನು ಬರುವುದಿಲ್ಲ" ಎಂದೆ. ಅವರು ಒಂದು ಕ್ಷಣವೂ ತಡೆಯದೆ "ಸರಿ" ಎಂದು ಸ್ವಿಚ್ಚುಗಳನ್ನು ಆರಿಸಿದರು, ಹವಾಮಾನದ ಕಾರಣಕ್ಕೆ ನಿರಾಕರಣೆ ಎಂದು ಕೇಂದ್ರಕ್ಕೆ ತಿಳಿಸಿದರು, ಬೇರೆ ಯಾರನ್ನಾದರೂ ಕೇಳುವುದಾದರೆ ಇದನ್ನೂ ಹೇಳಿ ಎಂದರು. ಮುಖದಲ್ಲಿ ಬೇಸರವಿರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಅದು ಹಾಗೆಯೇ ಇರಬೇಕು. ಬೇಡ ಎಂದವರನ್ನು ಹೊಗಳಿದರೂ ಮುಂದಿನ ಸಲದ ತಕ್ಕಡಿ ವಾಲುತ್ತದೆ.

ಹ್ಯಾಂಗರಿನ ಪಕ್ಕದ ಶೆಡ್ಡಿನಲ್ಲಿ ನಮ್ಮದೇ ಐಸಿಯು ಆ್ಯಂಬುಲೆನ್ಸ್ ನಿಂತಿರುತ್ತಿತ್ತು, ಚಾಲಕ ಡ್ಯೂಟಿಯಲ್ಲೇ ಇದ್ದ. ರಕ್ತದ ಪೆಟ್ಟಿಗೆ, ವೆಂಟಿಲೇಟರ್, ಔಷಧದ ಚೀಲ ಹೆಲಿಕಾಪ್ಟರಿನಿಂದ ಅದಕ್ಕೆ ಬದಲಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನೂ ಪ್ಯಾರಾಮೆಡಿಕ್ಕೂ ಹತ್ತಿದೆವು. ಅತ್ತ ಆಸ್ಪತ್ರೆಯ ನರ್ಸಿಗೆ ಫೋನು ಮಾಡಿ, ನಾವು ರಸ್ತೆಯಲ್ಲಿ ಬರುತ್ತಿದ್ದೇವೆ, ಅಲ್ಲಿಯವರೆಗೆ ಗರ್ಭಕೋಶವನ್ನು ಕೈಯಿಂದ ಒತ್ತಿ ಹಿಡಿಯುವುದನ್ನು ಬಿಡಬೇಡಿ, ಟ್ರಾನೆಕ್ಸಾಮಿಕ್ ಆಮ್ಲ ಇದ್ದರೆ ಈಗಲೇ ಕೊಡಲು ನಿಮ್ಮ ವೈದ್ಯರನ್ನು ಕೇಳಿ ಎಂದೆ. "ಎಷ್ಟು ಹೊತ್ತು?" ಎಂದರು ಆಕೆ. ಇದ್ದಷ್ಟು ಹೊತ್ತನ್ನು ಇದ್ದ ಹಾಗೆ ಹೇಳಿದೆ. ಮಂಜಿನಲ್ಲಿ ರಸ್ತೆಯ ಬಿಳಿ ಗೆರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆ ತಾಯಿ ಏನಾದಳು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಖಾಸಗಿ ಸಂಗತಿ, ಅದೊಂದು. ಇನ್ನೊಂದು, ಬದುಕಿದಳು ಎಂದರೆ ನನ್ನ ನಿರ್ಧಾರ ಸರಿಯಿತ್ತು ಎನ್ನಿಸುತ್ತದೆ, ಇಲ್ಲ ಎಂದರೆ ತಪ್ಪೆನ್ನಿಸುತ್ತದೆ. ಎರಡೂ ಅಲ್ಲ. ಸರಿಯೋ ತಪ್ಪೋ ಎಂಬುದು ಆ ಕಂಬದ ದೀಪದ ಕೆಳಗೆ, ಆಗ ನನಗೆ ಕಂಡದ್ದರಿಂದಲೇ ತೀರ್ಮಾನವಾಗಬೇಕು. ಮರುದಿನ ಮೇಜಿನ ಸುತ್ತ ಕುಳಿತಾಗ ನಮ್ಮವರು ಕೇಳಿದ್ದೂ ಅದನ್ನೇ: ಏನು ಕಂಡಿತು, ಎಲ್ಲಿ ಮುಟ್ಟಿದೆ, ಅದನ್ನು ಮೊದಲ ಸುತ್ತಿನಲ್ಲೇ ಕಾಣುವಂತೆ ಮಾಡಲು ಏನು ಬದಲಿಸಬೇಕು. ಅಂದಿನಿಂದ ಚಳಿಗಾಲದ ರಾತ್ರಿಗಳಲ್ಲಿ ಪೈಲಟ್ ಕರೆ ಒಪ್ಪುವ ಮುಂಚೆಯೇ ಹೊರಗೆ ಹೋಗಿ ಲೋಹ ಮುಟ್ಟಿ ಬರುವುದು ನಮ್ಮ ಬೇಸಿನಲ್ಲಿ ರೂಢಿಯಾಯಿತು.

2024ರ ಅಕ್ಟೋಬರ್ 29ರಂದು ರಿಷಿಕೇಶದ ಏಮ್ಸ್‌ನಲ್ಲಿ 'ಸಂಜೀವಿನಿ' ಹೆಲಿಕಾಪ್ಟರ್ ತುರ್ತು ವೈದ್ಯಕೀಯ ಸೇವೆ ಉದ್ಘಾಟನೆಯಾದಾಗ ಊರಿನಿಂದ ಗೆಳತಿಯರು ಸುದ್ದಿಯ ತುಣುಕು ಕಳಿಸಿದರು. ಸಂತೋಷವಾಯಿತು. ಮುಂದಿನ ಮೇ ತಿಂಗಳಲ್ಲಿ ಅದು ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡ ಸುದ್ದಿಯೂ ಬಂತು. ಒಳಗಿದ್ದ ಮೂವರೂ ಕ್ಷೇಮ ಎಂದು ಓದುವವರೆಗೆ ಉಸಿರು ಬಿಗಿಹಿಡಿದಿದ್ದೆ. ಕರ್ನಾಟಕಕ್ಕೂ ಇಂಥದ್ದು ಬೇಕಲ್ಲವೇ ಎಂದು ಮಂಗಳೂರಿನ ನರ್ಸಿಂಗ್ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಬೇಕು. ಘಟ್ಟದ ಕೆಳಗಿನವರಿಗೆ, ಕೊಡಗಿನವರಿಗೆ, ಉತ್ತರ ಕನ್ನಡದ ಒಳಹಳ್ಳಿಯವರಿಗೆ ಖಂಡಿತ ಬೇಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಚಾರ್ಮಾಡಿ, ಶಿರಾಡಿಯ ನೆತ್ತಿಯ ಮೇಲೆ ಮೋಡ ಕುಳಿತೇ ಇರುತ್ತದೆ. ಆ ತಿಂಗಳುಗಳಲ್ಲಿ ಪ್ರಾಮಾಣಿಕ ಪೈಲಟ್ ಹೆಚ್ಚಿನ ದಿನ ಹೇಳಬೇಕಾದ ಉತ್ತರ "ಆಗುವುದಿಲ್ಲ" ಎಂಬುದೇ. ನಾನು ಆ ರಾತ್ರಿ ಬೇಡ ಎನ್ನಲು ಆದದ್ದು ಶೆಡ್ಡಿನಲ್ಲಿ ಇನ್ನೊಂದು ವಾಹನ, ಅದರೊಳಗೆ ವೆಂಟಿಲೇಟರ್, ಎಚ್ಚರವಿದ್ದ ಚಾಲಕ, ಹೊಂಡವಿಲ್ಲದ ರಸ್ತೆ ಇದ್ದದ್ದರಿಂದ. ಅವು ಇಲ್ಲದ ಕಡೆ ಹೆಲಿಕಾಪ್ಟರ್ ತಂದು ನಿಲ್ಲಿಸಿದರೆ ಯಾವ ಪೈಲಟ್‌ಗೂ ಯಾವ ನರ್ಸಿಗೂ ಬೇಡ ಎನ್ನುವ ಬಾಯಿ ಇರುವುದಿಲ್ಲ. ಹಾಗಾಗಿ ಆ ಹುಡುಗಿಯರಿಗೆ ನಾನು ಹೇಳಿದ್ದು, ಮೊದಲು ನಿಮ್ಮ ತಾಲೂಕಿನ 108ರೊಳಗೆ ಹತ್ತಿ ನೋಡಿ, ಅದರ ಸಕ್ಷನ್ ಕೊಳವೆಯ ತುದಿಗೆ ಬೆರಳಿಟ್ಟು ನೋಡಿ ಎಂದು. ಒಬ್ಬಳು ಹೋಗಿ ನೋಡಿ ಬಂದು ತನಗೆ ಕಂಡದ್ದನ್ನೆಲ್ಲ ಉದ್ದವಾಗಿ ಬರೆದು ಕಳಿಸಿದ್ದಾಳೆ. ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡುವ ಅರ್ಜಿಯಾಗಿ ತಿದ್ದುವುದರಲ್ಲಿ ನಾವಿಬ್ಬರೂ ಈಗ ತೊಡಗಿದ್ದೇವೆ.